ಹಡಗಿನ ಹುದ್ದೆಗಳು: ಸನ್ನದು, ನಿರೂಪ, ಹಾಜರಿಪಟ್ಟಿ

ವೃತ್ತಪತ್ರಿಕೆಗಳಲ್ಲಿ ನೌಕಾಪಡೆಯ ಸಮಾಚಾರವನ್ನು ಓದುವ ನಮ್ಮ ಜನರಿಗೆ ಅಲ್ಲಿಯ ಹುದ್ದೆಗಳ ಹೆಸರುಗಳು ತೊಡಕನ್ನುಂಟುಮಾಡುವುದು ಸಹಜ. ಭೂಸೈನ್ಯದಲ್ಲಿ ಕ್ಯಾಪ್ಟನ್ ಎಂದರೆ ಇನ್ನೂ ಹಲವು ಮೆಟ್ಟಲುಗಳನ್ನು ಏರಬೇಕಾದ ತರುಣ ಅಧಿಕಾರಿ. ನೌಕಾಪಡೆಯಲ್ಲಿ ಕ್ಯಾಪ್ಟನ್ ಎಂದರೆ ಭೂಸೈನ್ಯದ ಕರ್ನಲ್‌ಗೆ ಸಮಾನನಾದ ಹಿರಿಯ. ನೆಲದ ಕ್ಯಾಪ್ಟನ್‌ಗೆ ಸಮನಾದವನು ಕಡಲಿನಲ್ಲಿ ಬರಿಯ ಲೆಫ್ಟಿನೆಂಟ್. ಪೆಟಿ ಆಫೀಸರ್ ಎಂಬ ಹೆಸರಿನಲ್ಲಿ ಆಫೀಸರ್ ಎಂಬ ಮಾತು ಇದೆ. ಆದರೆ ಆತನು ಅಧಿಕಾರಿಗಳ ಪಂಕ್ತಿಗೆ ಸೇರಿದವನಲ್ಲ. ಇನ್ನು ‘ರೇಟಿಂಗ್’ ಎಂಬ ಮಾತಂತೂ ಮನುಷ್ಯನ ಹೆಸರೋ, ಲೆಕ್ಕದ ಹೆಸರೋ ಎಂಬುದೇ ತಿಳಿಯದಂತಿದೆ.

ಈ ಗೊಂದಲಕ್ಕೆ ಚರಿತ್ರೆಯಲ್ಲಿ ಕಾರಣವುಂಟು. ನೌಕಾಪಡೆಯ ಹುದ್ದೆಗಳನ್ನು ಯಾರೋ ಒಬ್ಬ ಮಂತ್ರಿ ಒಂದು ದಿನ ಕುಳಿತು ಕ್ರಮವಾಗಿ ಏರ್ಪಡಿಸಲಿಲ್ಲ. ಅವು ಹಡಗಿನ ಮೇಲೆಯೇ, ಕೆಲಸದ ಅವಶ್ಯಕತೆಗೆ ತಕ್ಕಂತೆ, ಶತಮಾನಗಳ ಅವಧಿಯಲ್ಲಿ ಬೆಳೆದುಬಂದುವು. ಆದುದರಿಂದ ಒಂದೊಂದು ಹೆಸರಿನಲ್ಲಿಯೂ ಒಂದು ಕಾಲದಲ್ಲಿ ಯಾರು ಆಳಿದರು, ಯಾರು ದುಡಿದರು, ಯಾರಿಗೆ ಎಷ್ಟು ಮರ್ಯಾದೆ ದೊರೆಯಿತು ಎಂಬ ಸಂಗತಿ ಅಡಗಿದೆ.

ಮೊದಲು ನಮ್ಮ ಪೂರ್ವಿಕರ ಹಡಗುಗಳನ್ನು ನೋಡೋಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯ ವಿಚಾರವಾಗಿ ಒಂದು ಪ್ರಕರಣವಿದೆ. ಮಹಾನದಿಗಳಲ್ಲಿ ನಡೆಯತಕ್ಕ ದೊಡ್ಡ ನಾವೆಗಳಲ್ಲಿ ಆಜ್ಞೆಮಾಡುವ ಶಾಸಕನೂ, ದಾರಿ ಹಿಡಿಸುವ ನಿಯಾಮಕನೂ, ಕುಡುಗೋಲನ್ನೂ ಹಗ್ಗವನ್ನೂ ಹಿಡಿಯುವವರೂ, ಒಳಗೆ ಬಂದ ನೀರನ್ನು ಎತ್ತಿ ಚೆಲ್ಲುವ ಉತ್ಸೇಚಕನೂ ಇರಬೇಕೆಂದು ಅಲ್ಲಿ ಹೇಳಿದೆ. ಅಕ್ಬರನ ಆಸ್ಥಾನದ ಅಬುಲ್ ಫಜಲನು ‘ಐನ್-ಇ-ಅಕ್ಬರಿ’ಯಲ್ಲಿ ಕೊಟ್ಟಿರುವ ಪಟ್ಟಿ ಇನ್ನೂ ದೀರ್ಘವಾದುದು. ಹಡಗಿನ ಒಡೆಯನಾದ ನಾಖುದಾ, ಕಡಲಿನ ಆಳವನ್ನೂ ನಕ್ಷತ್ರಗಳ ಗತಿಯನ್ನೂ ಬಲ್ಲ ಮುಅಲ್ಲಿಂ, ಖಲಾಸಿಗಳ ಯಜಮಾನನಾದ ತಾಂಡೇಲ, ಹಡಗನ್ನು ದಡಕ್ಕೆ ತರುವ ಮೇಲ್ವಿಚಾರಣೆಯ ಸರಹಂಗ, ಉಗ್ರಾಣದ ಭಂಡಾರಿ, ಲೆಕ್ಕ ಬರೆಯುವ ಕರಾಣಿ, ಚುಕ್ಕಾಣಿ ಹಿಡಿಯುವ ಸುಕ್ಕಾನ್‌ಗೀರ, ಕಂಬದ ತುದಿಯಲ್ಲಿ ಕುಳಿತು ದೂರವನ್ನು ನೋಡುವ ಪಂಜರಿ. ಈ ಎರಡು ಪಟ್ಟಿಗಳಲ್ಲಿಯೂ ಒಂದು ಗುಣ ಸಮಾನವಾಗಿದೆ. ಪ್ರತಿಯೊಂದು ಹೆಸರೂ ಒಂದು ಕೆಲಸದ ಹೆಸರು. ಯಾವನು ಏನು ಮಾಡುವನೋ ಅದೇ ಅವನ ಹುದ್ದೆ. ಇವುಗಳಲ್ಲಿ ತಾಂಡೇಲ, ಸರಹಂಗ ಎಂಬ ಎರಡು ಮಾತುಗಳನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಅವುಗಳ ಮುಂದಿನ ಗತಿಯನ್ನು ಆಮೇಲೆ ನೋಡುವೆವು.

ಯೂರೋಪಿನ ಹೆಸರುಗಳಲ್ಲಿ ಅತ್ಯುನ್ನತವಾದ ‘ಅಡ್ಮಿರಲ್’ ಎಂಬುದು ಯೂರೋಪಿನದಲ್ಲ. ಅರಬ್ಬೀ ಭಾಷೆಯಲ್ಲಿ ಅಮೀರ್ ಎಂದರೆ ಅಧಿಪತಿ. ಹನ್ನೆರಡನೆಯ ಶತಮಾನದಲ್ಲಿ ಸಿಸಿಲಿ ದ್ವೀಪವನ್ನು ಆಳುತ್ತಿದ್ದ ನಾರ್ಮನ್ ದೊರೆಗಳು ತಮಗಿಂತ ಮುಂಚೆ ಅಲ್ಲಿ ಆಳಿದ ಅರಬ್ಬರಿಂದ ಈ ಬಿರುದನ್ನು ತೆಗೆದುಕೊಂಡರು. ಎರಡನೆಯ ರಾಜರ್ ದೊರೆಯ ಬಳಿ ಆಂಟಿಯಾಕಿನ ಜಾರ್ಜ್ ಎಂಬವನು ಈ ಬಿರುದನ್ನು ಧರಿಸಿ ಹಡಗುಗಳ ಪಡೆಯನ್ನು ನಡೆಸಿದನು. ಅಲ್ಲಿಂದ ಈ ಮಾತಿಗೆ ಕಡಲಿನ ಸಂಬಂಧವು ಬಲವಾಗಿ ಅಂಟಿತು. ಬಾಯಿಂದ ಬಾಯಿಗೆ ಹೋಗುವಾಗ, ಲ್ಯಾಟಿನಿನ ಮೆಚ್ಚಿಕೆಯ ಅರ್ಥದ ಮಾತಿನೊಡನೆ ಬೆರೆತು, ನಡುವೆ ಒಂದು ಡಕಾರವೂ ಸೇರಿಕೊಂಡಿತು.

ಮೈಸೂರಿನವರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. 1796ರಲ್ಲಿ ಟಿಪ್ಪು ಸುಲ್ತಾನನು ನೌಕಾಪಡೆಗಾಗಿ ವಿಸ್ತಾರವಾದ ನಿಬಂಧನೆಗಳನ್ನು ಬರೆಯಿಸಿದನು. ಇಪ್ಪತ್ತು ದೊಡ್ಡ ಯುದ್ಧನೌಕೆಗಳನ್ನೂ ಇಪ್ಪತ್ತು ಸಣ್ಣ ಯುದ್ಧನೌಕೆಗಳನ್ನೂ ಕಟ್ಟಬೇಕೆಂದೂ, ಮಂಗಳೂರು, ಕಾರವಾರದ ಬಳಿಯ ಸದಾಶಿವಗಡ ಮುಂತಾದ ಕಡೆ ಮೂರು ಕಚೇರಿಗಳಿರಬೇಕೆಂದೂ ಅವುಗಳಲ್ಲಿ ವಿಧಿಸಿದ್ದನು. ಆಡಳಿತವನ್ನು ನಡೆಸುವವರಿಗೆ ಮೀರ್ ಯಮ್ ಎಂದೂ, ಕಡಲಿನ ಮೇಲೆ ಪಡೆಯನ್ನು ನಡೆಸುವವರಿಗೆ ಮೀರ್ ಬಹರ್ ಎಂದೂ ಹೆಸರು. ಮೊದಲಿನವರು ಹನ್ನೊಂದು ಮಂದಿ, ಎರಡನೆಯವರು ಮೂವತ್ತು ಮಂದಿ. ಯಮ್, ಬಹರ್ ಎರಡೂ ಕಡಲಿನ ಹೆಸರುಗಳೇ. ಮೀರ್ ಎಂಬುದು ಅಮೀರ್ ಎಂಬುದರ ಸಂಕ್ಷೇಪ. ಎಂದರೆ ಇಂಗ್ಲಿಷರ ಅಡ್ಮಿರಲ್, ಟಿಪ್ಪುವಿನ ಮೀರ್ ಬಹರ್ ಇಬ್ಬರೂ ಒಂದೇ ತಾಯಿಯ ಮಕ್ಕಳು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದುದರಿಂದ ಆ ಏರ್ಪಾಡು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯಿತು.

ಇನ್ನು ಇಂಗ್ಲೆಂಡಿನ ಹಡಗನ್ನು ಹತ್ತೋಣ. ಇಂದಿನ ನಮ್ಮ ಹುದ್ದೆಗಳ ಹೆಸರುಗಳು ಬಂದದ್ದು ಅಲ್ಲಿಂದಲೇ. ಮಧ್ಯಯುಗದಲ್ಲಿ ಅಲ್ಲಿ ಯುದ್ಧಕ್ಕೆಂದೇ ಬೇರೆ ಹಡಗುಗಳು ಹೆಚ್ಚಾಗಿರಲಿಲ್ಲ. ವರ್ತಕರ ಹಡಗನ್ನು ಹಿಡಿದು, ಅದರಲ್ಲಿ ಸಿಪಾಯಿಗಳನ್ನು ತುಂಬಿ, ಅವರ ಮೇಲೆ ಒಬ್ಬ ಕ್ಯಾಪ್ಟನನ್ನು ನೇಮಿಸುತ್ತಿದ್ದರು. ಕ್ಯಾಪ್ಟನ್ ಎಂದರೆ ತಲೆಯಾಳು. ಅವನು ಕುಲೀನ, ಯುದ್ಧವನ್ನು ಬಲ್ಲವನು, ಹಡಗನ್ನು ಬಲ್ಲವನಲ್ಲ. ಹಡಗನ್ನು ನಡೆಸುವವನು ಮಾಸ್ಟರ್. ಹೀಗೆ ಒಂದೇ ಹಡಗಿನಲ್ಲಿ ಹೊಡೆದಾಡುವವರದೊಂದು ಜಾತಿ, ಹಾಯಿ ಎತ್ತುವವರದೊಂದು ಜಾತಿ ಎಂಬಂತಾಯಿತು. 1578ರಲ್ಲಿ, ಭೂಪ್ರದಕ್ಷಿಣೆಯ ನಡುವೆ, ಡ್ರೇಕನು ತನ್ನ ಜನರನ್ನು ಕೂಡಿಸಿ, ಕುಲೀನರೂ ನಾವಿಕರೊಡನೆ ಹಗ್ಗ ಎಳೆಯಲೇಬೇಕೆಂದು ಕಟ್ಟಪ್ಪಣೆ ಮಾಡಿದನು. ಆದರೂ ಈ ಭೇದವು ಮತ್ತೊಂದು ನೂರು ವರ್ಷ ಉಳಿದೇ ಇತ್ತು.

ಇದನ್ನು ಸರಿಪಡಿಸಲು ದಾರಿ ತೋರಿದವನು ಸ್ಯಾಮ್ಯುಅಲ್ ಪೀಪ್ಸ್. ದಿನಚರಿಯನ್ನು ಬರೆದುದರಿಂದ ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತನಾದ ಈತನು ವೃತ್ತಿಯಿಂದ ನೌಕಾಖಾತೆಯ ಅಧಿಕಾರಿ. ಲೆಫ್ಟಿನೆಂಟ್ ಆಗಬೇಕೆನ್ನುವವನು ಕಡಲಿನ ಮೇಲೆ ಕೆಲವು ವರ್ಷ ದುಡಿದು, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ನಿಯಮವನ್ನು ಅವನು 1677ರಲ್ಲಿ ಜಾರಿಗೆ ತಂದನು. ಲೆಫ್ಟಿನೆಂಟ್ ಎಂಬುದು ಫ್ರೆಂಚ್ ಮಾತು; ಮತ್ತೊಬ್ಬನ ಸ್ಥಾನವನ್ನು ಹಿಡಿದಿರುವವನು ಎಂದು ಅರ್ಥ. ಕ್ಯಾಪ್ಟನ್ ಸತ್ತರೆ ಆ ಸ್ಥಾನದಲ್ಲಿ ನಿಲ್ಲಬೇಕಾದವನು ಹಡಗನ್ನು ಅರಿತಿರಬೇಕಷ್ಟೆ. ವಂಶದ ಬಲವೊಂದರಿಂದಲೇ ಹಡಗನ್ನು ಆಳುವ ಕಾಲವು ಅಂದಿನಿಂದ ಹಿಂದೆ ಸರಿಯತೊಡಗಿತು.

ಯುದ್ಧನೌಕೆಗಳನ್ನು ಫಿರಂಗಿಗಳ ಸಂಖ್ಯೆಗೆ ತಕ್ಕಂತೆ ಆರು ದರ್ಜೆಗಳಾಗಿ ವಿಂಗಡಿಸಿದ್ದರು. ನೂರು ಅಥವಾ ಅದಕ್ಕಿಂತ ಹೆಚ್ಚು ಫಿರಂಗಿಗಳಿದ್ದುದು ಮೊದಲನೆಯ ದರ್ಜೆ. ಈ ದರ್ಜೆಗಳ ಹಡಗಿಗೆ ನೇಮಕವಾದವನೇ ನಿಜವಾದ ಕ್ಯಾಪ್ಟನ್; ಅವನು ಮುಂದೆ ಹಿರಿತನದ ಸಾಲಿನಲ್ಲಿ ನಿಂತು, ಆಯುಷ್ಯವಿದ್ದರೆ, ಅಡ್ಮಿರಲ್ ಆಗುತ್ತಿದ್ದನು. ದರ್ಜೆಗೆ ಬಾರದ ಸಣ್ಣ ಹಡಗಿನಲ್ಲಿ ಮಾಸ್ಟರನ ಕೆಲಸವನ್ನೂ ತಾನೇ ನೋಡಿಕೊಳ್ಳುತ್ತಿದ್ದವನು ‘ಮಾಸ್ಟರ್ ಅಂಡ್ ಕಮಾಂಡರ್’. 1794ರಲ್ಲಿ ಈ ಹೆಸರು ಕಿರಿದಾಗಿ ಬರಿಯ ಕಮಾಂಡರ್ ಎಂದಾಯಿತು. ಅಡ್ಮಿರಲ್‌ಗಳ ಶ್ರೇಣಿಯೂ ಹಡಗುಗಳ ಸಾಲಿನಿಂದಲೇ ಬಂದದ್ದು. ಪಡೆಯ ನಡುವೆ ಇರುವವನು ಅಡ್ಮಿರಲ್, ಮುಂದಿನ ಭಾಗವನ್ನು ನಡೆಸುವವನು ವೈಸ್ ಅಡ್ಮಿರಲ್, ಹಿಂದಿನ ಭಾಗವನ್ನು ಕಾಯುವವನು ರಿಯರ್ ಅಡ್ಮಿರಲ್. ಪಡೆಯಲ್ಲಿ ಕೆಂಪು, ಬಿಳಿ, ನೀಲಿ ಎಂದು ಮೂರು ಬಣ್ಣಗಳ ವಿಭಾಗಗಳೂ ಇದ್ದುವು. 1805ರಲ್ಲಿ ಟ್ರಫಾಲ್ಗರ್ ಕದನದಲ್ಲಿ ಮಡಿದ ನೆಲ್ಸನ್ ಬಿಳಿಯ ವಿಭಾಗದ ವೈಸ್ ಅಡ್ಮಿರಲ್. 1864ರಲ್ಲಿ ಬಣ್ಣಗಳ ಈ ವಿಭಾಗ ರದ್ದಾಯಿತು. ಹೆಸರುಗಳು ಮಾತ್ರ ನಿಂತುವು.

ಹಡಗಿನಲ್ಲಿದ್ದ ಜನರೆಲ್ಲರನ್ನೂ ಮೂರು ಬಗೆಯ ಬರಹಗಳು ವಿಂಗಡಿಸುತ್ತಿದ್ದುವು. ಲೆಫ್ಟಿನೆಂಟಿನಿಂದ ಮೇಲಿನವರಿಗೆ ದೊರೆಯ ಹೆಸರಿನಲ್ಲಿ ಕೊಡತಕ್ಕ ‘ಕಮಿಷನ್’ ಉಂಟು. ನಮ್ಮ ದರ್ಬಾರಿನ ಭಾಷೆಯಲ್ಲಿ ಅದನ್ನು ಸನ್ನದು ಎನ್ನಬಹುದು. ಕೌಶಲದ ಕೆಲಸವನ್ನು ಬಲ್ಲವರಿಗೆ ನೌಕಾಖಾತೆಯವರು ಕೊಡುತ್ತಿದ್ದುದು ‘ವಾರಂಟ್’. ಇದನ್ನು ನಿರೂಪ ಎನ್ನಬಹುದು. ಉಳಿದ ನೂರಾರು ಜನರಿಗೆ ಸನ್ನದೂ ಇಲ್ಲ, ನಿರೂಪವೂ ಇಲ್ಲ. ಹಡಗಿನ ಹಾಜರಿಪಟ್ಟಿಯಲ್ಲಿ ಒಂದು ಸಾಲು, ಅಷ್ಟೆ.

ನಿರೂಪದವರಲ್ಲಿ ಮುಖ್ಯರಾದವರು ಬೋಸನ್, ಗನ್ನರ್, ಬಡಗಿ, ಪರ್ಸರ್. ಬೋಸನ್ ಎಂಬ ಮಾತನ್ನು ಬರೆಯುವುದು ಉದ್ದವಾಗಿ, ಉಚ್ಚರಿಸುವುದು ಮೊಟಕಾಗಿ. ದೋಣಿಯ ಆಳು ಎಂಬುದು ಅದರ ಮೂಲಾರ್ಥ. ಹಗ್ಗ, ಹಾಯಿ, ಲಂಗರುಗಳೆಲ್ಲ ಅವನ ವಶ. ಯುದ್ಧ ಮುಗಿದು ಕ್ಯಾಪ್ಟನನೂ ನಾವಿಕರೂ ಮನೆಗೆ ಹೋದ ಮೇಲೆಯೂ ಬೋಸನ್, ಗನ್ನರ್, ಬಡಗಿ ಇವರು ಬಂದರಿನಲ್ಲಿ ನಿಂತ ಹಡಗನ್ನು ಬಿಡುತ್ತಿರಲಿಲ್ಲ. ಪರ್ಸರ್ ಎಂದರೆ ಹಣದ ಚೀಲದವನು, ಉಗ್ರಾಣಿ. ಅವನು ತೂಕ ಮಾಡಿ ಕೊಡುತ್ತಿದ್ದ ಪೌಂಡಿಗೆ ಹದಿನಾರು ಔನ್ಸುಗಳ ಬದಲು ಹದಿನಾಲ್ಕೇ ಔನ್ಸುಗಳು. ಉಳಿದ ಎರಡು ಔನ್ಸುಗಳು ಸೋರಿಕೆಯ ಬಾಬ್ತು ಎಂಬ ಹೆಸರಿನಲ್ಲಿ ಅವನಿಗೆ ಸಲ್ಲುತ್ತಿದ್ದುವು. ಇದು ಗುಟ್ಟಿನ ಕಳವಲ್ಲ. ಎಲ್ಲರಿಗೂ ತಿಳಿದಿದ್ದ ವಾಡಿಕೆ.

ಈಗ ಹಾಜರಿಪಟ್ಟಿಯವರ ವಿಷಯ. ಬಂದರಿನ ಬೀದಿಗಳಿಂದ ಬಲಾತ್ಕಾರವಾಗಿ ಹಿಡಿದು ತಂದವನಾಗಲಿ, ತಾನಾಗಿ ಬಂದವನಾಗಲಿ, ಹಡಗನ್ನು ಹತ್ತಿದ ಕೂಡಲೇ ಅವನ ಯೋಗ್ಯತೆಯನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಏನೂ ತಿಳಿಯದವನು ‘ಲ್ಯಾಂಡ್‌ಮನ್’, ನೆಲದವನು. ಸ್ವಲ್ಪ ತಿಳಿದವನು ‘ಆರ್ಡಿನರಿ ಸೀಮನ್’. ಹಾಯಿಯನ್ನೂ ಚುಕ್ಕಾಣಿಯನ್ನೂ ಬಲ್ಲವನು ‘ಏಬಲ್ ಸೀಮನ್’. ಹೀಗೆ ದರ್ಜೆ ಕಟ್ಟುವುದಕ್ಕೆ ‘ರೇಟ್ ಮಾಡುವುದು’ ಎಂದು ಹೆಸರು. ಹಡಗಿಗೂ ಮನುಷ್ಯನಿಗೂ ಒಂದೇ ಕ್ರಿಯಾಪದ. ಕಾಲಕ್ರಮದಲ್ಲಿ ದರ್ಜೆಯ ಹೆಸರೇ ಮನುಷ್ಯನ ಹೆಸರಾಗಿ, ನಾವಿಕನು ‘ರೇಟಿಂಗ್’ ಎನಿಸಿಕೊಂಡನು.

ರ‍್ಯಾಂಕ್, ರೇಟಿಂಗ್ ಎಂಬ ಎರಡು ಮಾತುಗಳಿಗಿರುವ ಅಂತರವು ಇದೇ. ಸನ್ನದಿನಿಂದ ಬಂದ ಪದವಿಯು ಮನುಷ್ಯನಿಗೆ ಸೇರಿದ್ದು. ಅವನು ಯಾವ ಹಡಗಿಗೆ ಹೋದರೂ ಅದು ಅವನೊಡನೆ ಹೋಗುವುದು. ವಿಚಾರಣೆಯಿಲ್ಲದೆ ಅದನ್ನು ಕಿತ್ತುಕೊಳ್ಳುವಂತಿಲ್ಲ. ರೇಟಿಂಗ್ ಎಂಬುದು ಹಡಗಿನ ಪುಸ್ತಕಕ್ಕೆ ಸೇರಿದ್ದು. ಕ್ಯಾಪ್ಟನ್ ಲೇಖನಿಯ ಒಂದು ಗೀಟಿನಿಂದ ಪೆಟಿ ಆಫೀಸರನನ್ನು ಸಾಮಾನ್ಯ ನಾವಿಕನನ್ನಾಗಿ ಇಳಿಸಬಹುದಾಗಿತ್ತು. ಹಡಗಿನ ಸೇವೆ ಮುಗಿದರೆ ದರ್ಜೆಯೂ ಮುಗಿಯಿತು. ಹಾಜರಿಪಟ್ಟಿಯಲ್ಲಿ ಹೆಸರಿನ ಮುಂದೆ ‘ಡಿ’ ಎಂದಿದ್ದರೆ ಬಿಡುಗಡೆ, ‘ಆರ್’ ಎಂದಿದ್ದರೆ ಪಲಾಯನ, ‘ಡಿ ಡಿ’ ಎಂದಿದ್ದರೆ ಮರಣ. ನೂರಾರು ಜನರ ಬಾಳು ಆ ಒಂದೆರಡು ಅಕ್ಷರಗಳಲ್ಲಿ ಮುಗಿದುಹೋಗಿದೆ.

ಈ ಜನರು ಒಮ್ಮೆ ಮಾತನಾಡಿದರು. ಏಬಲ್ ಸೀಮನನ ಸಂಬಳವು ತಿಂಗಳಿಗೆ 24 ಷಿಲಿಂಗ್ ಎಂದು ನಿಶ್ಚಯವಾದದ್ದು 1653ರಲ್ಲಿ. 1797ರಲ್ಲಿಯೂ ಅದು ಅಷ್ಟೇ ಇತ್ತು. ಆ ವರ್ಷ ಏಪ್ರಿಲ್ ತಿಂಗಳಲ್ಲಿ, ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದಾಗಲೇ, ಸ್ಪಿಟ್‌ಹೆಡ್ ಎಂಬಲ್ಲಿ ಲಂಗರುಹಾಕಿದ್ದ ಪಡೆಯ ನಾವಿಕರು ಹಡಗುಗಳನ್ನು ಹೊರಡಿಸಲು ಒಪ್ಪಲಿಲ್ಲ. ಹಡಗಿಗೆ ಇಬ್ಬರಂತೆ ಪ್ರತಿನಿಧಿಗಳನ್ನು ಆರಿಸಿ, ಶಿಸ್ತನ್ನು ತಾವೇ ಕಾಪಾಡಿಕೊಂಡು, ಸಂಬಳವನ್ನು ಹೆಚ್ಚಿಸಬೇಕು, ಪೌಂಡಿಗೆ ಹದಿನಾರು ಔನ್ಸು ತೂಗಬೇಕು, ಕ್ರೂರಿಗಳಾದ ಅಧಿಕಾರಿಗಳನ್ನು ತೆಗೆಯಬೇಕು ಎಂದು ಕೇಳಿದರು. ಸರ್ಕಾರವು ಸಂಬಳವನ್ನೂ ತೂಕವನ್ನೂ ಒಪ್ಪಿಕೊಂಡು, ದೊರೆಯ ಕ್ಷಮಾಪತ್ರವನ್ನೂ ಕೊಟ್ಟಿತು. ಅದರ ಹಿಂದೆಯೇ ನೋರ್ ಎಂಬಲ್ಲಿ ಎದ್ದ ಮತ್ತೊಂದು ದಂಗೆ ಮಾತ್ರ ಗಲ್ಲುಶಿಕ್ಷೆಗಳಲ್ಲಿ ಮುಗಿಯಿತು.

ಸುಧಾರಣೆಗಳು ಮೆಲ್ಲಮೆಲ್ಲನೆ ಬಂದುವು. 1853ರಲ್ಲಿ ನಾವಿಕರಿಗೆ ಖಾಯಂ ಸೇವೆಯ ಏರ್ಪಾಡಾಗಿ, ಹಡಗು ಬದಲಾದರೂ ಕೆಲಸವು ಉಳಿಯುವಂತಾಯಿತು. ‘ಲೀಡಿಂಗ್ ಸೀಮನ್’, ‘ಚೀಫ್ ಪೆಟಿ ಆಫೀಸರ್’ ಎಂಬ ಮೆಟ್ಟಲುಗಳು ಹುಟ್ಟಿದುವು. ಅಧಿಕಾರಿಗಳಿಗೆ 1748ರಲ್ಲಿಯೇ ದೊರೆತಿದ್ದ ಸಮವಸ್ತ್ರವು ನಾವಿಕರಿಗೆ ದೊರೆತದ್ದು 1857ರಲ್ಲಿ. ಈ ನೂರೊಂಬತ್ತು ವರ್ಷಗಳ ಅಂತರವೇ ಸನ್ನದಿಗೂ ಹಾಜರಿಪಟ್ಟಿಗೂ ಇದ್ದ ದೂರವನ್ನು ಅಳೆದು ತೋರಿಸುತ್ತದೆ.

ಇನ್ನು ಹಿಂದೂಸ್ಥಾನದ ತೀರಕ್ಕೆ ಬರೋಣ. ಪಾರ್ಸಿಯಲ್ಲಿ ಸರಹಂಗ ಎಂದರೆ ಸೇನಾನಾಯಕ. ಶಿವಾಜಿ ಮಹಾರಾಜನ ನೌಕಾನಾಯಕರಲ್ಲಿ ಒಬ್ಬನಿಗೆ ದರ್ಯಾ ಸಾರಂಗ ಎಂಬ ಬಿರುದಿತ್ತು. ಕಡಲಿನ ಸೇನಾಪತಿ ಎಂದು ಅದರ ಅಭಿಪ್ರಾಯ. ಇಂಗ್ಲಿಷರ ಹಡಗುಗಳಲ್ಲಿ ನಮ್ಮವರು ಕೂಲಿಗೆ ಸೇರಿದ ಮೇಲೆ ಇದೇ ಮಾತು ‘ಸಾರಂಗ್’ ಎಂದಾಗಿ, ನಾವಿಕರ ಗುಂಪಿನ ಮೇಸ್ತ್ರಿಗೆ ನಿಂತಿತು. ಅವನ ಕೈಕೆಳಗಿನವನು ‘ಟಿಂಡಲ್’. ಅವನೇ ಐನ್-ಇ-ಅಕ್ಬರಿಯ ತಾಂಡೇಲ. ಕಾರವಾರದ ಕಡೆ ತಾಂಡೇಲ ಎಂಬುದು ಮನೆತನದ ಹೆಸರಾಗಿ ಇಂದಿಗೂ ಇದೆ. ಸೈನ್ಯ ಎಂಬ ಅರ್ಥದ ಲಷ್ಕರ್ ಎಂಬ ಮಾತು ‘ಲಾಸ್ಕರ್’ ಆಗಿ, ಅಗ್ಗದ ಸಂಬಳದ ಏಷ್ಯದ ನಾವಿಕನನ್ನು ಸೂಚಿಸಿತು. ಪೋರ್ಚುಗೀಸ್ ಸಂತತಿಯ ಸಿಪಾಯಿಗಳನ್ನು ಕುರಿತ ‘ಟೋಪಾಸ್’ ಎಂಬ ಮಾತು ಕಡೆಗೆ ಹಡಗಿನ ಜಾಡಮಾಲಿಯ ಹೆಸರಾಯಿತು. ಒಂದೂ ಮೇಲಕ್ಕೆ ಏರಲಿಲ್ಲ. ಎಲ್ಲವೂ ಕೆಳಕ್ಕೆ ಇಳಿದುವು. ರಾಜ್ಯವು ಕೈತಪ್ಪಿದಾಗ ಮಾತಿನ ಮಾನವೂ ತಪ್ಪುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಕಂಪೆನಿಯ ಕಾಲದ ಬೊಂಬಾಯಿ ಮೆರೀನ್ ಹಲವು ಹೆಸರುಗಳನ್ನು ತಳೆದು, 1934ರ ಅಕ್ಟೋಬರ್ 2ರಂದು ರಾಯಲ್ ಇಂಡಿಯನ್ ನೇವಿ ಎಂದಾಯಿತು. ಅದಕ್ಕೆ ಆರೇ ವರ್ಷ ಹಿಂದೆ, 1928ರಲ್ಲಿ, ಡಿ. ಎನ್. ಮುಖರ್ಜಿಯವರು ಆ ಸೇವೆಯಲ್ಲಿ ಸನ್ನದನ್ನು ಪಡೆದ ಮೊದಲನೆಯ ಭಾರತೀಯರಾದರು. ಎರಡನೆಯ ಮಹಾಯುದ್ಧದಲ್ಲಿ ಪಡೆಯು ಹಲವು ಪಟ್ಟು ಬೆಳೆಯಿತು. ತಂತಿ, ರೇಡಿಯೋ, ಯಂತ್ರಗಳ ಕೆಲಸಕ್ಕಾಗಿ ಓದುಬರಹ ಬಲ್ಲ ಯುವಕರು ಸಾವಿರಗಟ್ಟಲೆಯಾಗಿ ಸೇರಿದರು. ಆದರೆ ಅವರು ಸೇರಿದ್ದು ಹಾಜರಿಪಟ್ಟಿಗೆ.

1946ರ ಫೆಬ್ರವರಿ 18ರಂದು ಬೊಂಬಾಯಿಯ ‘ತಲ್ವಾರ್’ ಎಂಬಲ್ಲಿ ಮುಷ್ಕರವು ಆರಂಭವಾಯಿತು. ತಲ್ವಾರ್ ತೇಲುವ ಹಡಗಲ್ಲ. ನೆಲದ ಮೇಲಿನ ಸಂಕೇತಶಾಲೆ. ನೌಕಾಪಡೆಯ ಪ್ರತಿಯೊಬ್ಬನ ಹೆಸರೂ ಯಾವುದಾದರೊಂದು ಹಡಗಿನ ಪುಸ್ತಕದಲ್ಲಿರಬೇಕೆಂಬ ಸಂಪ್ರದಾಯದಿಂದ ಕಟ್ಟಡಗಳಿಗೂ ಹಡಗಿನ ಹೆಸರಿಡುವುದು ವಾಡಿಕೆ. ಅಲ್ಲಿಯ ರೇಟಿಂಗ್‌ಗಳ ದೂರು ಕೆಟ್ಟ ಆಹಾರದ ಮೇಲೆ, ತಮ್ಮನ್ನು ಅಸಭ್ಯವಾಗಿ ಬೈಯುತ್ತಿದ್ದ ಕಮಾಂಡರನ ಮೇಲೆ, ಬ್ರಿಟಿಷ್ ನಾವಿಕರಿಗೂ ತಮಗೂ ಇದ್ದ ಸಂಬಳದ ಭೇದದ ಮೇಲೆ. ಇಂಡಿಯನ್ ನ್ಯಾಷನಲ್ ಆರ್ಮಿಯ ಬಂದಿಗಳನ್ನು ಬಿಡಬೇಕೆಂಬುದೂ ಅವರ ಕೋರಿಕೆಗಳಲ್ಲಿ ಸೇರಿತ್ತು. ಸಿಗ್ನಲ್‌ಮನ್ ಎಂ. ಎಸ್. ಖಾನ್ ಮುಷ್ಕರ ಸಮಿತಿಯ ಅಧ್ಯಕ್ಷರು, ಪೆಟಿ ಆಫೀಸರ್ ಮದನ್ ಸಿಂಗ್ ಉಪಾಧ್ಯಕ್ಷರು. ಮುಷ್ಕರವು ಕರಾಚಿಯವರೆಗೂ ಹಬ್ಬಿತು. ಸುಮಾರು 78 ಹಡಗುಗಳೂ 20,000 ನಾವಿಕರೂ ಅದರಲ್ಲಿ ಸೇರಿದರೆಂದು ಎಣಿಸುತ್ತಾರೆ. ವಲ್ಲಭಭಾಯಿ ಪಟೇಲರ ಸಲಹೆಯಂತೆ 23ನೆಯ ತಾರೀಖು ಅವರು ಶರಣಾದರು. ಹಲವರು ಸೆರೆಯಾದರು, ನೂರಾರು ಮಂದಿ ಕೆಲಸ ಕಳೆದುಕೊಂಡರು.

ಸ್ಪಿಟ್‌ಹೆಡ್ಡಿಗೂ ಬೊಂಬಾಯಿಗೂ ನೂರನಲವತ್ತೊಂಬತ್ತು ವರ್ಷಗಳ ಅಂತರ. ಆದರೂ ಊಟ, ಸಂಬಳ, ಬೈಗುಳ ಎಂಬ ಮೂರು ದೂರುಗಳು ಎರಡು ಕಡೆಗೂ ಸಮಾನ. ಬೊಂಬಾಯಿಯಲ್ಲಿ ನಾಲ್ಕನೆಯದೊಂದು ಸೇರಿತು. ಇಂಗ್ಲಿಷ್ ನಾವಿಕನು ತನ್ನ ದೊರೆಯ ಮುಂದೆ ತನ್ನ ಬೆಲೆಯನ್ನು ಕೇಳಿದನು. ಭಾರತೀಯ ನಾವಿಕನು ತನ್ನ ಬೆಲೆ ಕಟ್ಟುವ ಪುಸ್ತಕವು ಪರರ ಕೈಯಲ್ಲೇಕೆ ಇರಬೇಕೆಂದು ಕೇಳಿದನು.

ಪುಸ್ತಕವು ಕೈಸೇರಲು ಬಹಳ ಕಾಲ ಹಿಡಿಯಲಿಲ್ಲ. 1950ರ ಜನವರಿ 26ರಂದು ‘ರಾಯಲ್’ ಎಂಬ ಮಾತು ಬಿದ್ದುಹೋಗಿ, ಲಾಂಛನದಲ್ಲಿ ಕಿರೀಟದ ಸ್ಥಳಕ್ಕೆ ಅಶೋಕನ ಸಿಂಹಗಳು ಬಂದುವು. 1957ರ ನೌಕಾಪಡೆಯ ಶಾಸನವು, ಅಧಿಕಾರಿಯಲ್ಲದೆ ಸೇವೆಯಲ್ಲಿರುವವನನ್ನು ‘ಸೇಲರ್’, ಎಂದರೆ ನಾವಿಕ, ಎಂದು ಕರೆಯಿತು. ಬೆಲೆಯ ಹೆಸರು ಹೋಗಿ ಕೆಲಸದ ಹೆಸರು ಬಂದಿತು. 1958ರ ಏಪ್ರಿಲ್‌ನಲ್ಲಿ ವೈಸ್ ಅಡ್ಮಿರಲ್ ಆರ್. ಡಿ. ಕಟಾರಿಯವರು ಪಡೆಯ ಮೊದಲನೆಯ ಭಾರತೀಯ ಮುಖ್ಯಸ್ಥರಾದರು.

ಉಳಿದ ಹೆಸರುಗಳು ಹಿಂದಿನಂತೆಯೇ ನಡೆದುಬಂದಿವೆ. ನಾವಿಕನು ಸೀಮನ್, ಲೀಡಿಂಗ್ ಸೀಮನ್, ಪೆಟಿ ಆಫೀಸರ್, ಚೀಫ್ ಪೆಟಿ ಆಫೀಸರ್ ಎಂದು ಏರಿ, ಕಡೆಗೆ ಎರಡು ತರಗತಿಗಳ ಮಾಸ್ಟರ್ ಚೀಫ್ ಪೆಟಿ ಆಫೀಸರ್ ಆಗುವನು. ಅಧಿಕಾರಿಯು ಸಬ್ ಲೆಫ್ಟಿನೆಂಟ್, ಲೆಫ್ಟಿನೆಂಟ್, ಲೆಫ್ಟಿನೆಂಟ್ ಕಮಾಂಡರ್, ಕಮಾಂಡರ್, ಕ್ಯಾಪ್ಟನ್, ಕಮೊಡೋರ್ ಎಂಬ ಮೆಟ್ಟಲುಗಳನ್ನು ದಾಟಿ ಅಡ್ಮಿರಲ್‌ಗಳ ಮೂರು ಅಂತಸ್ತುಗಳನ್ನು ಸೇರುವನು. 2023ರ ಡಿಸೆಂಬರ್ 4ರಂದು, ಶಿವಾಜಿಯ ಸಿಂಧುದುರ್ಗದಲ್ಲಿ ನಡೆದ ನೌಕಾದಿನದ ಉತ್ಸವದಲ್ಲಿ, ಹುದ್ದೆಗಳಿಗೆ ಭಾರತೀಯ ಸಂಪ್ರದಾಯಕ್ಕೆ ಅನುಗುಣವಾದ ಹೆಸರುಗಳನ್ನು ಇಡುವುದಾಗಿ ಪ್ರಧಾನಮಂತ್ರಿಗಳು ಪ್ರಕಟಿಸಿದರು.

ಹೊಸ ಹೆಸರುಗಳನ್ನು ಹುಡುಕುವವರಿಗೆ ಸಾಮಗ್ರಿಯ ಕೊರತೆಯಿಲ್ಲ. ಶಾಸಕ, ನಿಯಾಮಕ ಎಂಬ ಮಾತುಗಳುಂಟು; ತಾಂಡೇಲ, ಸಾರಂಗ, ಮೀರ್ ಬಹರ್ ಉಂಟು. ಹಾಗೆ ನೋಡಿದರೆ ಅಡ್ಮಿರಲ್ ಎಂಬುದೂ ಪೂರ್ವದೇಶದಿಂದಲೇ ಹೋದ ಮಾತು. ಆದರೆ ಹೆಸರು ಯಾವ ಭಾಷೆಯದೆಂಬುದು ಎರಡನೆಯ ಪ್ರಶ್ನೆ. ಅದನ್ನು ಹೊತ್ತವನಿಗೆ ತೂಕ ಸರಿಯಾದ ಅನ್ನವೂ, ದುಡಿಮೆಗೆ ತಕ್ಕ ಸಂಬಳವೂ, ಮನುಷ್ಯನಿಗೆ ಸಲ್ಲಬೇಕಾದ ಮಾತೂ ದೊರೆಯುವುದೇ ಎಂಬುದು ಮೊದಲನೆಯ ಪ್ರಶ್ನೆ. ಸಾರಂಗನೆಂಬ ಸೇನಾಪತಿಯನ್ನು ಮೇಸ್ತ್ರಿಯಾಗಿ ಇಳಿಸಿದ್ದು ನಿಘಂಟಲ್ಲ. ಅವನನ್ನು ಮತ್ತೆ ಎತ್ತುವುದೂ ನಿಘಂಟಿನಿಂದ ಮಾತ್ರ ಆಗುವ ಕೆಲಸವಲ್ಲ.